ಲಂಗರಿನವನ ಪದಕ

ಖಂಡೇನವಮಿಯ ದಿನ ರುದ್ರವ್ವ ಕೋಣೆಯ ಮೂಲೆ ಒರೆಸಿ, ಊರಿಂದ ತಂದ ಕುಡುಗೋಲು, ಈಳಿಗೆ, ಗಂಡನ ಕಬ್ಬಿಣದ ಮೊನೆಯ ಲಾಠಿ ಇಟ್ಟು ವಿಭೂತಿ ಹಚ್ಚಿದಳು. ಗಂಡ ಬಾಳಪ್ಪ ಮುಂಬಯಿ ಹತ್ತಿರದ ಶಹಾಡ್‌ನ ಕಟ್ಟಿಗೆ ಅಡ್ಡೆಯಲ್ಲಿ ವಾಚಮನ್. ಎಪ್ಪತ್ತೊಂದರ ಯುದ್ಧದಲ್ಲಿ ಸೈನ್ಯದಲ್ಲಿದ್ದವನು. ಆಗ ಸಿಕ್ಕ ಕಂಚಿನ ನಕ್ಷತ್ರದ ಪದಕವನ್ನು ಅವಳು ಅರಿಶಿನದ ದಾರದಿಂದ ಲಾಠಿಗೆ ಕಟ್ಟಿದಳು.

"ಅಕ್ಕಾ, ಅದನ್ನ ಲಟ್ಟಣಿಗಿಗೆ ಕಟ್ಟಬೇಕಿತ್ತು," ಎಂದ ಅವಳ ತಮ್ಮ ಶಿವಪ್ಪ. "ಮಾಮಾ ರೊಟ್ಟಿ ಬಡದು ಬಡದು ಯುದ್ಧ ಗೆದ್ದಾನ."

"ಹೂಂನಪಾ. ನೀ ಸ್ಟ್ರೈಕ್ ಗೆದ್ದು ತೋರಸು," ಎಂದು ಬಾಳಪ್ಪ ನಕ್ಕ.

ಕೊಂದ ಕೈಗೆ ಮಗಳನ್ನು ಕೊಡುವುದಿಲ್ಲ ಎಂದಿದ್ದಳು ರುದ್ರವ್ವನ ತಾಯಿ. ತಾನು ಪಲ್ಟನ್ನಿನ ಲಂಗರಿನಲ್ಲಿ, ಅಂದರೆ ಅಡುಗೆಮನೆಯಲ್ಲಿ, ರೊಟ್ಟಿ ಬಡಿಯುವವನಾಗಿದ್ದೆ ಎಂದು ಹೇಳಿಯೇ ಅವನು ಮದುವೆಯಾಗಿದ್ದ.

ಹೋಳಿಗೆ ಉಂಡು, ಮುಷ್ಕರ ನಡೆದಿದ್ದ ತನ್ನ ಬಣ್ಣದ ಕಾರ್ಖಾನೆಯ ಗೇಟಿಗೆ ಹೋದ ಶಿವಪ್ಪ ಸ್ವಲ್ಪ ಹೊತ್ತಿಗೇ ಓಡಿ ಬಂದ. ಒಂದು ಕಿವಿ ಹರಿದು ಜೋತಾಡುತ್ತಿತ್ತು. ಬೆನ್ನ ಹಿಂದೆ ಮಾಲೀಕನ ಗೂಂಡಾಗಳು, ಮೂವರು.

"ನಿಕಾಲ್ ಬಾಹರ್ ಉಸ್ಕೋ!" ಅವನನ್ನು ಹೊರಗೆ ಹಾಕು ಎಂದು ಒಬ್ಬ ಬಾಗಿಲಲ್ಲಿ ಅರಚಿದ.

"ತ್ಯೋಹಾರ್ ಹೈ ಸಾಬ್, ಛೋಡ್ ದೋ," ಹಬ್ಬದ ದಿನ, ಬಿಟ್ಟುಬಿಡಿ ಎಂದು ಬಾಳಪ್ಪ ಕೈ ಮುಗಿದ.

ಅವನನ್ನು ತಳ್ಳಿ ಒಬ್ಬ ಒಳನುಗ್ಗಿ ಶಿವಪ್ಪನ ಮೊಣಕಾಲಿಗೆ ಪೈಪಿನಿಂದ ಬಾರಿಸಿದ. ಒಣಗಿದ ತೊಗರಿಕಟ್ಟಿಗೆ ಮುರಿದಂತೆ ಸದ್ದಾಯಿತು. ಪೈಪು ಮತ್ತೆ ಎದ್ದಿತು, ಈ ಸಲ ತಲೆಯ ಮೇಲೆ. ಬಾಳಪ್ಪನ ಕೈ ಲಾಠಿಗೆ ಹೋಯಿತು.

"ಪೂಜಿಗಿ ಇಟ್ಟದ್ದು ರೀ! ನಾಳಿ ಬನ್ನಿ ಮುಡಿಯೂತನಕ ಮುಟ್ಟಬಾರದು!" ರುದ್ರವ್ವ ಚೀರಿದಳು.

ಅವನು ಲಾಠಿ ಬೀಸಲಿಲ್ಲ. ಎಡಗಾಲು ಮುಂದಿಟ್ಟು, ಬಯೊನೆಟ್ ಸಿಕ್ಕಿಸಿದ ಬಂದೂಕಿನಂತೆ ಎರಡೂ ಕೈಯಲ್ಲಿ ಸೊಂಟದ ಮಟ್ಟಕ್ಕೆ ಹಿಡಿದು, ಕಬ್ಬಿಣದ ತುದಿಯನ್ನು ಪೈಪಿನವನ ಗಂಟಲಿಗೆ ಚುಚ್ಚಿದ. ತಿರುವಿದ. ಎಳೆದ. ಹಾಗೆಯೇ ಹೊರಳಿ ಎರಡನೆಯವನ ಪಕ್ಕೆಗೆ ಚುಚ್ಚಿದ. ಅವನು ರಕ್ತ ಕಾರುತ್ತ ಹೊಸ್ತಿಲು ದಾಟಿ ಬಿದ್ದ. ಮೂರನೆಯವನು ಓಡಿದ.

ಬಾಳಪ್ಪ ನಿಲ್ಲಲಿಲ್ಲ. ಒಳಗೆ ಬಿದ್ದಿದ್ದ ಪೈಪಿನವನ ಎದೆಯ ಮೇಲೆ ಕಾಲೂರಿ ಮತ್ತೆ ಚುಚ್ಚಿದ, ಮತ್ತೆ ತಿರುವಿದ. ಆ ಮೈ ಅಲುಗುವುದನ್ನು ಬಿಟ್ಟ ಮೇಲೂ ಚುಚ್ಚುತ್ತಿದ್ದ ಬಾಳಪ್ಪನ ಮುಖದಲ್ಲಿ ಸಿಟ್ಟಿರಲಿಲ್ಲ. ಕೆಲಸ ಮಾಡುವವನ ಮುಖ. ದಾರಕ್ಕೆ ಜೋತುಬಿದ್ದ ನಕ್ಷತ್ರ ಪ್ರತಿ ಸಲವೂ ಕೋಲಿಗೆ ಬಡಿದು ಟಣ್ ಎನ್ನುತ್ತಿತ್ತು.

"ಮಾಮಾ, ಸಾಕು! ಸತ್ತಾನ ಅಂವಾ!"

ಲಾಠಿ ನಿಂತಿತು.

"ಲಂಗರದಾಗ ಇದನ್ನ ಕಲಿಸಿದ್ರೇನ್ರಿ?" ರುದ್ರವ್ವನ ದನಿ ಮೆಲ್ಲಗಿತ್ತು.

ಬಾಳಪ್ಪ ಲಾಠಿ ಬಿಸಾಕಿ, ಎತ್ತಿಕೊಳ್ಳಲೆಂದು ಶಿವಪ್ಪನತ್ತ ಬಾಗಿದ. ಮುರಿದ ಕಾಲನ್ನು ಎಳೆದುಕೊಳ್ಳುತ್ತ ಶಿವಪ್ಪ ಗೋಡೆಗೆ ಸರಿದ. ರುದ್ರವ್ವ ಇಬ್ಬರ ನಡುವೆ ಬಂದು ಗಂಡನಿಗೆ ಎದುರಾಗಿ ನಿಂತಳು. ಪೂಜೆಗಿಟ್ಟ ಕುಡುಗೋಲು ಅವಳ ಕೈಯಲ್ಲಿತ್ತು.