ಒಂದೇ ಹಡಗಿನವರು

ಹಳೇ ದಾಖಲೆಗಳ ಕಚೇರಿಯ ಆ ಹುಡುಗಿಯ ಉಗುರಿನ ಕೆಂಪು ಬಣ್ಣ ಅರ್ಧ ಉದುರಿದೆ, ಅದೇ ಉಗುರು ಹೆಸರುಗಳ ಮೇಲೆ ಇಳಿಯುತ್ತ ಇಳಿಯುತ್ತ ನಿಂತಿತು, ಸಿಕ್ತು ನೋಡಿ ಅಜ್ಜಿ, ಮಾತಾದೀನ, ಹಡಗು ಎಲ್ಡರ್‌ಗ್ರೋವ್, ಸಾವಿರದ ಎಂಟುನೂರ ತೊಂಬತ್ತೊಂದು, ಫೆಬ್ರವರಿ — ಮೊಮ್ಮಗಳು ಶರ್ಲೀನ್ ನನ್ನ ಭುಜ ಹಿಡಿದು ಕುಲುಕುತ್ತಾಳೆ, ಆಜಿ, ನಿನ್ನ ಆಜಾ ಟ್ರಿನಿಡಾಡಿಗೆ ಕಾಲಿಟ್ಟ ದಿನ ಕಣೇ! ಅಳು ಬಂತು, ಬರದೇನು, ಕಬ್ಬಿನ ಗದ್ದೆಯಲ್ಲಿ ಬೆನ್ನು ಬಗ್ಗಿಸಿಕೊಂಡೇ ಮುದುಕನಾದವನು, ಬಿಸಿ ರೊಟ್ಟಿ ಮುರಿದು ಊದಿ ಊದಿ ನನಗೆ ತಿನ್ನಿಸಿದ ಅಜ್ಜ, ಅವನ ತಾರೀಖು ಸಿಕ್ಕಿತಲ್ಲ, ಸಾಕು, ಮನೆಗೆ ಹೋಗೋಣ. ಶರ್ಲೀನ್ ಬಿಡುವವಳಲ್ಲ, ಝಗ್ರು ಆಜಾನೂ ಇದೇ ಹಾಳೇಲಿ ಇರ್ಬೇಕಲ್ವಾ, ಇಬ್ರೂ ಜಹಾಜಿ ಭಾಯಿಗಳು ತಾನೆ, ಒಂದೇ ಹಡಗಲ್ಲಿ ಬಂದೋರು. ಉಗುರು ಹಾಳೆಯ ಕೊನೆತನಕ ಇಳಿಯಿತು, ಇಲ್ಲಮ್ಮಾ, ಇಲ್ಲಿಲ್ಲ. ಹುಡುಗಿ ಎದ್ದು ಹೋಗಿ ಇನ್ನೊಂದು ದಪ್ಪ ಪುಸ್ತಕ ತರುತ್ತಾಳೆ, ಝಗ್ರು, ಅಪ್ಪನ ಹೆಸರು ಬುಧು, ಎಡಗೆನ್ನೇಲಿ ಸುಟ್ಟ ಕಲೆ — ಹೌದು, ಚಿಕ್ಕವಳಿದ್ದಾಗ ಆ ಕಲೆಯನ್ನು ನಾನು ಮುಟ್ಟಿ ನೋಡಿದ್ದೇನೆ — ಇವ್ರು ಬೇರೆ ಹಡಗಲ್ಲಿ ಬಂದಿದಾರೆ ಅಜ್ಜಿ, ಮೂರು ವರ್ಷ ಆದ್ಮೇಲೆ.

ಬೇರೆ ಹಡಗು. ಹಾಗಾದರೆ ಯಾವ ಅಣ್ಣ, ಯಾವ ತಂಗಿ, ಆವತ್ತು ಅಪ್ಪ ಬಾಗಿಲಲ್ಲಿ ನಿಂತು ಕೂಗುತ್ತಾನೆ, ನಾಚಿಕೆ ಆಗಲ್ವೇನೇ ದುಲಾರಿ, ಝಗ್ರು ಮೊಮ್ಮಗ ನಿನಗೆ ಅಣ್ಣ ಕಣೇ, ಒಂದೇ ಹಡಗಿನೋರು ಅಂದ್ರೆ ಒಡಹುಟ್ಟಿದೋರಿಗಿಂತ ಹೆಚ್ಚು, ಅವನನ್ನ ಮದುವೆ ಆಗ್ತೀಯಾ — ಬಿಸ್ನಾಥ, ಕಬ್ಬಿನ ಗಾಡಿ ಹೊಡೆಯುತ್ತ ದಾರಿಯುದ್ದಕ್ಕೂ ಎತ್ತುಗಳನ್ನು ಬಯ್ಯುವವನು, ನಮ್ಮ ಮನೆ ಮುಂದೆ ಮಾತ್ರ ಅವಕ್ಕೆ ರಾಜಾ ರಾಜಾ ಅನ್ನುವವನು — ಮತ್ತು ಆ ಇಬ್ಬರು ಮುದುಕರು, ಆಜಾ ಮತ್ತು ಝಗ್ರು, ಜಗುಲಿಯಲ್ಲಿ ಕೂತು ಒಂದೇ ಚಿಲುಮೆಯನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದಾರೆ, ಒಂದೇ ಹಡಗಲ್ಲ ಅಂತ ಇಬ್ಬರಿಗೂ ಗೊತ್ತು, ಇಬ್ಬರೂ ತುಟಿ ಬಿಚ್ಚುವುದಿಲ್ಲ. ನನ್ನ ಆಜಿ ಹೇಳುತ್ತಿದ್ದಳು, ಝಗ್ರು ಬಂದ ಹೊಸದ್ರಲ್ಲಿ, ಇಲ್ಲಿ ಎರಡನೇ ಮದುವೆ ಆಗೋಕ್ ಮುಂಚೆ, ಅನ್ನ ಬಿಟ್ಟು ಅಳ್ತಿದ್ದ, ಹೆಂಡ್ತಿ ಹಡಗಲ್ಲೇ ಸತ್ತು ಸಮುದ್ರಕ್ಕೆ ಹಾಕಿದ್ರಂತೆ. ಅವನ ಹಡಗಿನವರನ್ನೆಲ್ಲ ಬೇರೆ ತೋಟಗಳಿಗೆ ಹಂಚಿದ್ದರೇನೋ, ತೋಟದ ಸಾಲುಮನೆಗಳಲ್ಲಿ ಹಡಗಿನ ನೆಂಟರಿಲ್ಲದವನ ಜೊತೆ ಯಾರು ಉಣ್ಣುತ್ತಾರೆ, ಸತ್ತರೆ ಹೆಗಲು ಕೊಡುವವರು ಯಾರು, ಆಜಾ ಅವನ ಕೈ ಹಿಡಿದು ಇವನು ನಮ್ಮ ಹಡಗಿನವನು ಅಂದಿರಬೇಕು, ಆಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಂಡರೆ ಅವನು ಮತ್ತೆ ಒಂಟಿ. ಪುಣ್ಯದ ಕೆಲಸವೇ, ಯಾರನ್ನು ಬಯ್ಯಲಿ, ಆದರೂ ಬಯ್ಯುತ್ತೇನೆ ಆಜಾ, ನಿನ್ನ ಪುಣ್ಯಕ್ಕೆ ನನ್ನ ಬದುಕನ್ನು ತೆತ್ತೆಯಲ್ಲ, ಜೀವಮಾನವಿಡೀ ಅವನನ್ನು ಭೈಯಾ ಅಂದೆ, ಹೋದ ವರ್ಷ ಅವನ ಚಿತೆಯ ಹತ್ತಿರವೂ ತಂಗಿಗೆ ಎಷ್ಟು ಸಲ್ಲುತ್ತದೋ ಅಷ್ಟೇ ಅತ್ತು ಬಂದೆ.

ಆಜಿ, ಖುಷಿ ಆಗ್ಲಿಲ್ವಾ? ಆಯ್ತು ಮಗಾ, ಆಗದೇನು. ನನಗೆ ಸ್ವಂತ ಅಣ್ಣತಮ್ಮಂದಿರಿಲ್ಲ, ನನ್ನ ಮದುವೆಯ ಚಪ್ಪರದಲ್ಲಿ ಪಂಡಿತ ಕೂಗುತ್ತಾನೆ, ಅರಳು ಹಾಕೋಕೆ ಹುಡುಗಿ ಅಣ್ಣನ್ನ ಕರೀರಪ್ಪಾ, ಅಪ್ಪ ಬಿಸ್ನಾಥನನ್ನು ಮುಂದಕ್ಕೆ ತಳ್ಳುತ್ತಾನೆ, ನನ್ನ ಪಕ್ಕದಲ್ಲಿ ಪೆನಾಲ್ ಊರಿನಿಂದ ಬಂದ ಗಂಡು, ಎದುರಿಗೆ ಬಿಸ್ನಾಥ, ಕಣ್ಣು ಮುಚ್ಚಿದರೆ ಯಾವಾಗಲೂ ಇದೇ, ಮೊರದಿಂದ ಅರಳು ಮೊಗೆದು ನನ್ನ ಬೊಗಸೆಗೆ ಸುರಿಯುತ್ತಾನೆ, ತಲೆ ಎತ್ತುವುದಿಲ್ಲ, ಬೆಂಕಿಗೆ ಹಾಕಮ್ಮಾ, ಪಂಡಿತನ ದನಿ, ಹಾಕುತ್ತೇನೆ, ಮತ್ತೆ ಸುರಿಯುತ್ತಾನೆ, ಹಾಕುತ್ತೇನೆ, ಮತ್ತೆ, ಬಿಳಿ ಅರಳು, ಅವನ ಬೊಗಸೆಯಿಂದ ನನ್ನ ಬೊಗಸೆಗೆ, ಅವನ ಬೊಗಸೆಯಿಂದ —