ಕಲೆ ತೆಗೆದ ಪೋಸ್ಟರ್

ಫೋನಿನಲ್ಲಿ ಕಂಡದ್ದೊಂದು, ಬಾಗಿಲಿಗೆ ಬಂದದ್ದೊಂದು. ಈ ಗೋಳು ಆಳಂದದಲ್ಲಿ ಯಾರ ಮನೆಯಲ್ಲಿಲ್ಲ ಹೇಳಿ? ಗಿಳಿಹಸಿರು ಅಂತ ತರಿಸಿದ ಸೀರೆ ಬಿಚ್ಚಿ ನೋಡಿದರೆ ಬೇವಿನ ಕಷಾಯದ ಬಣ್ಣ. ಮನೆಮಂದಿಗೆಲ್ಲ ಅನ್ನವಾಗುತ್ತದೆ ಅಂತ ತರಿಸಿದ ಕುಕ್ಕರಿನಲ್ಲಿ ಕೂಸಿನ ಗಂಜಿಯೂ ಉಕ್ಕಿ ಹೋಗುತ್ತದೆ. ಕಳಿಸಿದವರಿಗೆ ಹಿಡಿಶಾಪ ಹಾಕುತ್ತೇವೆ, ಓಣಿಗೆಲ್ಲ ತೋರಿಸುತ್ತೇವೆ, ಮರುದಿನ ಮತ್ತೆ ಫೋನ್ ಹಿಡಿಯುತ್ತೇವೆ. ಆದರೆ ಕಾಶಿಬಾಯಿಯ ಮನೆಯಲ್ಲಿ ಆದದ್ದು ತಿರುವುಮುರುವು. ಅಲ್ಲಿ ಕಳಿಸಿದವರೂ ಅವರೇ, ಶಾಪ ಹಾಕಿಸಿಕೊಂಡವರೂ ಅವರೇ.

ಅವತ್ತು ಮಧ್ಯಾಹ್ನ ಕಾಶಿಬಾಯಿ ಅಂಗಳದಲ್ಲಿ ತೊಗರಿ ಹಸನು ಮಾಡುತ್ತ ಕೂತಿದ್ದಳು. ಕೊರಿಯರಿನವನು ಉದ್ದನೆಯ ಕೊಳವೆಯಂಥ ಪಾರ್ಸಲ್ ಒಂದನ್ನು ಕಟ್ಟೆಯ ಮೇಲಿಟ್ಟು, "ವಾಪಸ್ ಬಂದದ್ರಿ" ಎಂದು ಹೋದ. ಅವಳಿಗೆ ನೋಡುತ್ತಲೇ ಗುರುತು ಸಿಕ್ಕಿತು. ಹಳೇ ಸೀರೆಯ ಅಂಚಿನಿಂದ ತಾನೇ ಕಟ್ಟಿ ಕಳಿಸಿದ ಗಂಟು ಅದು. ಗಂಡನ ಮನೆಗೆ ಹೊರಟ ಮಗಳು ಅರ್ಧ ದಾರಿಯಿಂದ ತಿರುಗಿ ಬಂದ ಹಾಗಾಯಿತು ಅವಳಿಗೆ.

ಒಳಗಿದ್ದದ್ದು ಹಳೆಯ ಸಿನಿಮಾ ಪೋಸ್ಟರ್. ಅವಳ ಗಂಡ ಮಾಳಿಂಗ ಊರೂರು ತಿರುಗುವ ಡೇರೆ ಟಾಕೀಸಿನಲ್ಲಿ ಪೋಸ್ಟರ್ ಅಂಟಿಸುತ್ತಿದ್ದವನು. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರೂ ತಾಲೂಕಿನಲ್ಲಿ ಅವನ ಕೈ ತಾಗದ ಗೋಡೆ ಇರಲಿಲ್ಲ. ಡೇರೆ ಹಿಂದೆ, ಮಾಳಿಂಗ ಮುಂದೆ. ಸೈಕಲ್ಲಿಗೆ ಗಂಜಿಯ ಡಬ್ಬಿ ಕಟ್ಟಿಕೊಂಡು ಹೋಗುತ್ತಿದ್ದ. ದನ ನೆಕ್ಕಬಾರದು ಅಂತ ಗಂಜಿಗೆ ಮೈಲುತುತ್ತ ಕಲಸುತ್ತಿದ್ದ; ಮನೆಗೆ ಬಂದಾಗ ಬೆರಳೆಲ್ಲ ನೀಲಿ. ಪ್ರತಿ ಪೋಸ್ಟರಿನ ಕೆಳಗೆ ತಾನೇ ಕುಂಚ ಹಿಡಿದು ನೀಲಿ ಬಣ್ಣದಲ್ಲಿ ಊರಿನ ಹೆಸರು ಬರೆದು, ಕೊನೆಗೆ 'ತಪ್ಪದೆ ಬರ್ರಿ' ಅಂತ ಹಾಕುತ್ತಿದ್ದ. 'ಬನ್ನಿ' ಅಂತ ಬರೀಬೇಕಪ್ಪ ಅಂತ ಡೇರೆಯ ಮಾಲಕ ಅಂದರೆ, "ಬನ್ನಿ ಅಂದರ ನಮ್ಮ ಮಂದಿ ದಸರಾ ಬಂತಂತ ಗಿಡಾ ಹುಡುಕ್ತಾರ್ರಿ. ಬರ್ರಿ ಅಂದರ ಬರ್ತಾರ" ಅನ್ನುತ್ತಿದ್ದ.

ಈ ಪೋಸ್ಟರಿನ ಕೆಳಗೆ ಇದ್ದದ್ದು 'ಕೊಳಕೂರ ಡೇರೆ, ತಪ್ಪದೆ ಬರ್ರಿ'. ಅವನು ಬರೆದು ಒಣಗಿಸಿ ಇಟ್ಟಿದ್ದ ದಿನವೇ ಬಿರುಗಾಳಿ ಎದ್ದು ಕೊಳಕೂರಲ್ಲಿ ಹಾಕಿದ್ದ ಡೇರೆ ಚಿಂದಿಯಾಯಿತು. ಮಾಲಕ ಕೈಚೆಲ್ಲಿದ. ಆಮೇಲೆ ಆ ಡೇರೆ ಯಾವ ಊರಲ್ಲೂ ಏಳಲಿಲ್ಲ. ಪೋಸ್ಟರ್ ಟ್ರಂಕಿನಲ್ಲಿ ಉಳಿಯಿತು. "ಅದೊಂದು ಗ್ವಾಡಿ ಏರಲಿಲ್ಲ ನೋಡು" ಎಂದು ಮಾಳಿಂಗ ಕಡೆತನಕ ಹಳಹಳಿಸಿದ. ನಮ್ಮ ಮನೆಯಲ್ಲೇ ಹಚ್ಚೋಣ ಅಂದರೆ ಒಪ್ಪಲಿಲ್ಲ. ಪೋಸ್ಟರ್ ಹಚ್ಚುವುದು ಮಂದಿ ನೋಡಲಿ ಅಂತ, ಹಚ್ಚಿದವನ ಹೆಂಡತಿ ನೋಡಲಿ ಅಂತ ಅಲ್ಲ ಎನ್ನುವುದು ಅವನ ಲೆಕ್ಕ. ಅವನು ಹೋದ ಮೇಲೆ ಕಾಶಿಬಾಯಿ ಆಗಾಗ ಟ್ರಂಕು ತೆಗೆದು, ಆ ನೀಲಿ ಅಕ್ಷರದ ಮೇಲೆ ಕೈಯಾಡಿಸಿ, ಮತ್ತೆ ಮುಚ್ಚುತ್ತಿದ್ದಳು. ಅವನ ಕೈ ಹಿಡಿದಂತೆಯೇ ಅನಿಸುತ್ತಿತ್ತು ಅವಳಿಗೆ. ಈಚೆಗೆ ಇಲಿ ಹೊಕ್ಕು ಒಂದು ಮೂಲೆ ಕಡಿಯಿತು. ಮಣ್ಣಾಗುವ ಮೊದಲು ಯಾರದಾದರೂ ಗೋಡೆ ಸೇರಲಿ, ಗಂಡನ ಒಂದು ಆಸೆ ತೀರಲಿ ಎಂದು ಸೊಸೆ ಸೀಮಾಳ ಕೈಗೆ ಕೊಟ್ಟಿದ್ದಳು. ಸೀಮಾ ಫೋನಿನಲ್ಲಿ ಫೋಟೋ ಹಾಕಿದಳು. ಹಾಕಿದ್ದೇ ತಡ, ಜೇವರ್ಗಿಯಲ್ಲಿ ಚಹಾದ ಹೋಟೆಲ್ ಇಟ್ಟಿದ್ದ ಅರುಣಕುಮಾರ ಕೊಂಡ.

ಈಗ ಅದೇ ವಾಪಸ್. ಸೀಮಾ ಅವನಿಗೆ ಫೋನ್ ಹಚ್ಚಿದಳು. ಸ್ಪೀಕರ್ ಇಟ್ಟಿದ್ದರಿಂದ ಕಾಶಿಬಾಯಿಗೂ ಕೇಳಿತು.

"ಹರದದ್ದಕ್ಕ ನನಗ ಸಿಟ್ಟಿಲ್ಲ ತಂಗೀ," ಎಂದ ಅರುಣಕುಮಾರ. "ಹಳೀದು ಹರೀತದ. ಹರದದ ಅಂತ ಹೇಳಲಿಲ್ಲಲ್ಲ, ಅದಕ್ಕ ಸಿಟ್ಟು. ಫೋಟೋದಾಗ ನಿನ್ನೆ ಅಚ್ಚು ಹಾಕಿದಂಗ ಇತ್ತು. ಇದಕ್ಕ ಮೋಸ ಅಂತಾರ."

ಮೋಸ. ಮಾಳಿಂಗನ ಪೋಸ್ಟರಿಗೆ ಅಂಟಿದ ಮಾತು ಅದು. ಕಾಶಿಬಾಯಿ ಮೊರ ಕೆಳಗಿಟ್ಟಳು.

"ಏನ್ ಫೋಟೋ ಹಾಕಿದ್ದಿ ಬೇ, ತೋರಿಸು."

ಸೀಮಾ ತೋರಿಸಿದಳು. ಕಾಶಿಬಾಯಿ ಕನ್ನಡಕ ಏರಿಸಿ ನೋಡಿದಳು. ಮಡಿಕೆಯ ಗೆರೆ ಒಂದೂ ಇಲ್ಲ. ಮಾಸಿದ ಕೆಂಪು ಈಗ ಕುಂಕುಮದಂತೆ ಉರಿಯುತ್ತಿತ್ತು. ಇಲಿ ಕಡಿದ ಮೂಲೆಯಲ್ಲಿ ನಾಯಕಿಯ ಕುದುರೆಗೆ ಹೊಸದೊಂದು ಕಿವಿ ಬೆಳೆದಿತ್ತು.

"ಈ ಕಿವಿ ಎಲ್ಲಿಂದ ಬಂತು? ಇಲಿ ವಾಪಸ್ ಕೊಟ್ಟು ಹೋತೇನು?"

"ಫೋಟೋ ಚಂದ ಮಾಡೂ ಆ್ಯಪ್ ಅದ ಅತ್ತಿ. ಹರದದ್ದು ತಾನೇ ತುಂಬ್ತದ. 'ಕಲೆ ತೆಗೆ' ಅಂತ ಒಂದ್ ಬಟನ್ ಅದ, ಅದನ್ನ ಒತ್ತಿದೆ."

ಕಾಶಿಬಾಯಿಯ ಬೆರಳು ಚಿತ್ರದ ಕೆಳಗೆ ಬಂದು ನಿಂತಿತು. ಅಲ್ಲಿ ಖಾಲಿ ಹಳದಿ. ಕೊಳಕೂರವಿಲ್ಲ, ಬರ್ರಿ ಇಲ್ಲ.

"ಅವರ ಅಕ್ಷರ ಎಲ್ಲಿ ಸೀಮಾ?"

ಸೀಮಾ ತುಟಿ ಕಚ್ಚಿದಳು. "ಅದನ್ನೂ ಕಲೆ ಅಂತ ತಿಳದದ ಅತ್ತಿ."

ಕಾಶಿಬಾಯಿ ಎದ್ದಳು. ಒಳಗೆ ಹೋಗಿ ಟ್ರಂಕಿನ ಪಕ್ಕ ಕೂತಳು. ಗಂಡ ಸತ್ತಾಗ ಊರೆಲ್ಲ ಬಂದು ಅತ್ತಿತ್ತು. ಈಗ ಒಂದು ಬಟನ್ ಅವನನ್ನು ಇನ್ನೊಮ್ಮೆ ಒರೆಸಿ ಹಾಕಿದ್ದಕ್ಕೆ ಅವಳೊಬ್ಬಳೇ ಅತ್ತಳು.

ಅಷ್ಟರಲ್ಲಿ ಭುವನೇಶ್ವರಿ ಬಂದಳು. ಓಣಿಯ ಮಹಿಳಾ ಸಂಘದವಳು. ಸಂಘದ ಖಡಕ್ ರೊಟ್ಟಿಯನ್ನು ಫೋನಿನ ಮೇಲೆ ದೂರದೂರಿಗೆ ಮಾರುವವಳು. ನಡೆದದ್ದನ್ನು ಕೇಳಿ ಪೋಸ್ಟರನ್ನೂ ಫೋಟೋವನ್ನೂ ಜೋಡಿಸಿಟ್ಟು ನೋಡಿದಳು.

ಸೀಮಾ ಸುಮ್ಮನೆ ಬಿಡುವವಳಲ್ಲ. "ಎಲ್ಲಾರೂ ಮಾಡ್ತಾರ ಅಕ್ಕಾ. ಹರಕು ತೋರಿಸಿದರ ಯಾರ್ ತಗೋತಾರ? ಇದ್ದದ್ದು ಇದ್ದಂಗ ಹೇಳಿದರ ಎದ್ದು ಬಂದು ಎದಿಗೆ ಒದ್ದರಂತ."

"ನೀ ಇಲ್ಲದ್ದು ಹೇಳಿದಿ, ಒದಿ ತಪ್ಪಿತೇನು?" ಎಂದಳು ಭುವನೇಶ್ವರಿ. "ನಿನ್ನ ನೋಡಾಕ ಮೊದಲ ಒಂದು ವರಾ ಬಂದಿತ್ತಲ್ಲ, ಫೋಟೋದಾಗ ತಲಿತುಂಬ ಕೂದಲ. ಮನಿಗೆ ಬಂದು ಟೊಪಗಿ ತಗದಾಗ ನೀ ಏನಂದಿ?"

ಸೀಮಾ ನಕ್ಕುಬಿಟ್ಟಳು. "ಬೋಳಾದರ ಆಗಲಿ, ಮೊದಲ ಹೇಳಬೇಕಿತ್ತು ಅಂದೆ."

"ಹೌದಲ್ಲ? ಜೇವರ್ಗಿಯವರು ಅಂದದ್ದೂ ಅದೇ. ನಮ್ಮ ರೊಟ್ಟಿ ನೋಡು. ಸುಟ್ಟ ಕಲೆ ಸಮೇತ ಫೋಟೋ ಹಾಕ್ತೇನಿ. ಆ ಕಲೆ ನೋಡೇ ಕಟ್ಟಿಗಿ ಒಲಿ ರೊಟ್ಟಿ ಅಂತ ಮಂದಿ ನಂಬ್ತಾರ. ಹಳೇ ಪೋಸ್ಟರ್ ಕೂಡಿಸಿಡೂ ಮಂದಿ ಮಡಿಕಿ ನೋಡ್ತಾರ, ಕಾಗದದ ಹಿಂಭಾಗ ನೋಡ್ತಾರ. ಇದು ಆಗಿನ ಅಚ್ಚೋ, ಈಗ ನಕಲು ಹಾಕಿದ್ದೋ ಅಂತ ಅದರಿಂದಲೇ ಗೊತ್ತಾಗ್ತದ. ನೀ ಎಲ್ಲಾ ಒರೆಸಿದರ ಖರೇ ಮಾಲೂ ನಕಲಿ ಆಗ್ತದ."

"ಹಂಗಾದರ ಫೋಟೋ ಚಂದ ಮಾಡಲೇಬಾರದೇನು?"

"ಸೊಟ್ಟ ಇದ್ದರ ನೆಟ್ಟಗ ಮಾಡು. ಕತ್ತಲಿದ್ದರ ಬೆಳಕಿಗೆ ಹಿಡಿ. ಕೈಯಾಗ ಇದ್ದ ಪೋಸ್ಟರೂ ಫೋಟೋನೂ ಒಂದೇ ಕಾಣಬೇಕು, ಅಷ್ಟೇ. ಇಲ್ಲದ ಕಿವಿ ಹಚ್ಚಬ್ಯಾಡ, ಇದ್ದ ಅಕ್ಷರ ಅಳಿಸಬ್ಯಾಡ."

ಕಾಶಿಬಾಯಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಮೆಲ್ಲಗೆ ಅಂದಳು, "ಕಲೆ ತಗೀತೇನಿ ಅಂತ ಅವರ ಕಲೇನೇ ತಗದುಬಿಟ್ಟಿ ನೋಡವ್ವಾ."

ಸೀಮಾ ಬಂದು ಅತ್ತೆಯ ಕೈ ಹಿಡಿದಳು. "ತಪ್ಪಾತು ಅತ್ತಿ."

ಅವಳು ಅರುಣಕುಮಾರನ ರೊಕ್ಕ ಕಳಿಸಿ, ತಪ್ಪು ಒಪ್ಪಿಕೊಂಡು, ಹಳೆಯ ಫೋಟೋ ತೆಗೆದುಹಾಕಿದಳು. ಮೂವರೂ ಪೋಸ್ಟರನ್ನು ಅಂಗಳದ ನೆರಳಿಗೆ ತಂದು ಹಾಸಿದರು. ಮುಂದಿನಿಂದ ಒಂದು ಫೋಟೋ, ಹಿಂದಿನಿಂದ ಒಂದು, ಮಡಿಕೆಯ ಗೆರೆಗಳದ್ದು ಹತ್ತಿರದಿಂದ, ಇಲಿ ಕಡಿದ ಮೂಲೆಯದ್ದು ಇನ್ನೂ ಹತ್ತಿರದಿಂದ. ಕೆಳಗೆ ಏನು ಬರೆಯಬೇಕೆಂದು ಭುವನೇಶ್ವರಿ ಹೇಳುತ್ತ ಹೋದಳು, ಸೀಮಾ ಒತ್ತುತ್ತ ಹೋದಳು: ಆಗಿನ ಕಾಲದ ಅಚ್ಚು, ಬಣ್ಣ ಮಾಸಿದೆ, ಮೂಲೆ ಹರಿದಿದೆ, ಫೋಟೋ ತಿದ್ದಿಲ್ಲ. ಕೆಳಗಿನ ಬರಹ ಪೋಸ್ಟರ್ ಅಂಟಿಸುವವರದು.

"ಅವರ ಹೆಸರು ಬರೀಬೇಕಲ್ಲ. ಪೂರ್ತಿ ಹೆಂಗ್ ಬರೀಲಿ ಅತ್ತಿ?"

ಕಾಶಿಬಾಯಿ ಸೆರಗು ಬಾಯಿಗಿಟ್ಟುಕೊಂಡಳು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ಮದುವೆ ಮನೆಗಳಲ್ಲಿ ಗೆಳತಿಯರು ಅಡ್ಡಗಟ್ಟಿದಾಗ ಒಡಪು ಕಟ್ಟಿ, ಅದರೊಳಗೆ ಹೆಸರು ಸೇರಿಸಿ ಹೇಳಿದ್ದುಂಟು. ಅವನು ಹೋದ ಮೇಲೆ ಅವಳನ್ನು ಯಾರೂ ಒಡಪು ಕೇಳಿರಲಿಲ್ಲ. ಈಗ ಸೊಸೆ ಕೇಳಿದಳು. ಮುದುಕಿ ನೆಲ ನೋಡುತ್ತ ಹೇಳಿದಳು:

"ಗ್ವಾಡಿಗೆ ಗಂಜಿ ಹಚ್ಚಿ ಊರಿಗೆಲ್ಲ ಆಟದ ಸುದ್ದಿ ಕೊಟ್ಟವರು,
ಮಾಳಿಂಗಪ್ಪ ಅಂತ ಬರಕೋ ತಾಯಿ, ಅವರೇ ನನ್ನವರು."

ಸೀಮಾ ಬರೆದುಕೊಂಡಳು.

ಆಮೇಲೆ ಕಾಯುವುದೇ ಕೆಲಸವಾಯಿತು. ಫೋನ್ ಸದ್ದಾದರೆ ಕಾಶಿಬಾಯಿ ಒಲೆ ಬಿಟ್ಟು ಬರುವಳು. ಯಾರೋ ಕೇಳುವರು, ಹರಿದಿದೆ ಎಂದು ಓದಿ ಸುಮ್ಮನಾಗುವರು. ಸೀಮಾಳಿಗೆ ಮತ್ತೆ ಅನುಮಾನ ಬಂತು, ಆದರೆ ಬಟನ್ ಒತ್ತಲಿಲ್ಲ. ತೊಗರಿ ಡಬ್ಬಿ ಸೇರಿತು, ಹಬ್ಬ ಬಂದು ಹೋಯಿತು. ಒಂದು ಮುಂಜಾನೆ ಕರೆ ಬಂತು.

"ಕೊಳಕೂರಿಂದ ಅಮೀರುನ್ನಿಸಾ ಮಾತಾಡಾಕತ್ತೇನ್ರಿ. ರೋಡಿಗೆ ಹೊಲಿಗಿ ಅಂಗಡಿ ಇಟ್ಟೇನಿ. ಆ ನೀಲಿ ಅಕ್ಷರದ ಪೋಸ್ಟರ್ ಇನ್ನೂ ಅದೇನ್ರಿ?"

"ಅದ್ರಿ. ಖರೇ ಹೇಳ್ತೇನಿ, ಮೂಲಿ ಹರದದ," ಎಂದಳು ಸೀಮಾ.

"ನೋಡೀನಿ, ಇರಲಿ. ನನಗ ಬೇಕಾದದ್ದು ಕೆಳಗ ಬರದದ್ದು. ಸಣ್ಣಾಕಿ ಇದ್ದಾಗ ನಮ್ಮೂರಾಗ ಡೇರೆ ಹಾಕಿದ್ದರು. ಹೊಸಾ ಅಂಗಿ ಹಾಕ್ಕೊಂಡು, ಕೂಡಾಕ ಗೋಣಿತಟ್ಟು ಹಿಡ್ಕೊಂಡು ನಮ್ಮವ್ವನ ಜೋಡಿ ಹೊಂಟಿದ್ದೆ. ಗಾಳಿ ಬಂದು ಡೇರೆ ಹಾರಿಹೋತು. ಆ ಆಟ ನಾ ನೋಡಲೇ ಇಲ್ರಿ. ನಮ್ಮವ್ವನೂ ಹೋದಳು." ಆಮೇಲೆ ಅಂದಳು, "ಮೊದಲ ನೀವು ಹಾಕಿದ್ದ ಫೋಟೋನೂ ಕಂಡಿತ್ತು. ಅದರಾಗ ನಮ್ಮೂರ ಹೆಸರ ಇರಲಿಲ್ಲ. ಯಾವುದೋ ಅಂತ ದಾಟಿ ಹೋದೆ."

ಸೀಮಾ ತಲೆ ತಗ್ಗಿಸಿದಳು. ಕಾಶಿಬಾಯಿ ಫೋನಿಗೆ ಬಾಯಿಟ್ಟು ಅಂದಳು, "ಕೊರಿಯರಿಗೆ ಹಾಕೂದಿಲ್ಲ ಅಕ್ಕಾ. ನಾನೇ ತರ್ತೇನಿ."

ಅತ್ತೆ ಸೊಸೆ ಬಸ್ಸು ಬದಲಿಸಿ ಕೊಳಕೂರಿಗೆ ಹೋದರು. ಅಮೀರುನ್ನಿಸಾ ಗಾಜಿನ ಚೌಕಟ್ಟು ಮಾಡಿಸಿಟ್ಟಿದ್ದಳು. ಹರಿದ ಮೂಲೆಯನ್ನು ಮರೆ ಮಾಡಲಿಲ್ಲ. ರಸ್ತೆಗೆ ಕಾಣುವಂತೆ ಅಂಗಡಿಯ ಗೋಡೆಗೆ ಏರಿಸಿದರು. ಮಾಳಿಂಗ ಮಾಡುತ್ತಿದ್ದಂತೆಯೇ ಕಾಶಿಬಾಯಿ ರಸ್ತೆ ದಾಟಿ ಆಚೆ ಬದಿಗೆ ನಿಂತು, ನೆಟ್ಟಗಿದೆಯೋ ಇಲ್ಲವೋ ನೋಡಿದಳು. ನೆಟ್ಟಗಿತ್ತು. ಅದನ್ನು ನೋಡಲು ಅವನೊಬ್ಬ ಇರಬೇಕಿತ್ತು.

ಮೇವಿನ ಹೊರೆ ಹೊತ್ತ ಅಜ್ಜಿಯೊಬ್ಬಳು ಅಲ್ಲೇ ನಿಂತು, ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದಳು. ಕಾಶಿಬಾಯಿಯ ಕಡೆ ತಿರುಗಿ ಕೇಳಿದಳು:

"ಯವ್ವಾ, ಆಟ ಇವತ್ತೇ ಅದೇನು?"

ಕಾಶಿಬಾಯಿ ನಕ್ಕಳು. ನಗುತ್ತಲೇ ಕಣ್ಣು ಒರೆಸಿಕೊಂಡಳು. "ಹೌದಬೇ," ಎಂದಳು. "ಇವತ್ತೇ."

ಇದನ್ನು ಓದುವ, ಕೇಳುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಟ್ರಂಕಿನಲ್ಲೂ ಇಂಥದೊಂದು ಇರಬಹುದು. ಪೋಸ್ಟರೋ, ಕೌದಿಯೋ, ತಾಮ್ರದ ಕೊಡವೋ. ಮಾರುವುದು ತಪ್ಪಲ್ಲ, ಮಾರಿ. ಆದರೆ ಹಗಲ ಬೆಳಕಿನಲ್ಲಿ ಇದ್ದ ಹಾಗೆ ಫೋಟೋ ತೆಗೆಯಿರಿ. ಹರಿದದ್ದನ್ನು ಮೊದಲು ತೋರಿಸಿ, ಚಂದದ್ದನ್ನು ಆಮೇಲೆ. ಆ್ಯಪ್ ಏನಾದರೂ ತಿದ್ದಿದ್ದರೆ ತಿದ್ದಿದೆ ಎಂದು ಬರೆಯಿರಿ. ನಕಲಾಗಿದ್ದರೆ ನಕಲು ಅನ್ನಿ. ಕೊಳ್ಳುವವರೂ ಕೇಳಿ: ಹಿಂಭಾಗ ತೋರಿಸ್ರಿ, ಮೂಲೆ ತೋರಿಸ್ರಿ ಅನ್ನಲು ನಾಚಿಕೆ ಬೇಡ. ನೀವು ಕಲೆ ಎಂದು ಒರೆಸುವುದನ್ನೇ ಯಾರೋ ಎಲ್ಲೋ ಕೂತು ವರುಷಗಟ್ಟಲೆ ಹುಡುಕುತ್ತಿರಬಹುದು. ಅವರಿಗೆ ಅದು ಕಾಣುವಂತಿರಲಿ. ಕಂಡರೆ ತಪ್ಪದೆ ಬರುತ್ತಾರೆ.