ನಾಗಣ್ಣಜ್ಜನ ರೈಫಲ್ಲಿನ ಬೋಲ್ಟು

ಸಿದ್ಧರಾಮನ ಅಜ್ಜ ನಾಗಣ್ಣ ಮೊದಲ ಮಹಾಯುದ್ಧದ ಕಾಲಕ್ಕೆ ಬಸ್ರಾದ ಲಡಾಯಿಯಲ್ಲಿ ಎಷ್ಟು ಜನರನ್ನು ಕೊಂದ ಎಂಬುದು ಕೇಳುವವರು ಯಾರು ಎಂಬುದರ ಮೇಲೆ ನಿಂತಿತ್ತು. ಸೋಲಾಪುರದ ತನ್ನ ಕಚೇರಿಯ ಜವಾನನಿಗೆ ಮೂವರು, ಸಾಹೇಬರಿಗೆ ಏಳು, ಬೀಗ ಮಲ್ಲಿನಾಥರಿಗೆ ಹನ್ನೊಂದು. ಮಂಗಳವೇಢೆಯಲ್ಲಿ ಮಲ್ಲಿನಾಥರ ಪಡಸಾಲೆಯ ಗಾಜಿನ ಪೆಟ್ಟಿಗೆಯೊಳಗೆ ಒಂದು ಖಡ್ಗವಿತ್ತು. ಮಗಳ ಲಗ್ನವಾಗಿ ಎರಡು ವರ್ಷ, ಆ ಖಡ್ಗದ ಪುರಾಣ ಕೇಳದೆ ಸಿದ್ಧರಾಮನಿಗೆ ಅಲ್ಲಿ ಒಂದು ಕಪ್ ಚಹಾ ಸಿಕ್ಕಿರಲಿಲ್ಲ. ಹೊಟ್ಟೆಕಿಚ್ಚು ತಾಳಲಾರದೆ, ಆಯುಧಪೂಜೆ ಹತ್ತಿರ ಬಂದಾಗ ಒಂದು ದಿನ ಹೇಳಿಬಿಟ್ಟ.

"ಖಂಡೇಪೂಜಿಗೆ ನಮ್ಮನಿಗೆ ಬರ್ರಿ. ಅಜ್ಜನ ರೈಫಲ್ ತೋರಸ್ತೀನಿ."

ರೈಫಲ್ ಇದ್ದದ್ದು ನಿಜ. ಪೂರ್ತಿ ಇರಲಿಲ್ಲ, ಅಷ್ಟೇ. ಪೊಲೀಸರು ಎಂದೋ ಗುಂಡು ಹಾರದಂತೆ ನಳಿಗೆಯಲ್ಲಿ ಸೀಸ ತುಂಬಿಸಿ ಕಾಗದ ಕೊಟ್ಟಿದ್ದರು, ಆ ಕಡೆ ತಕರಾರಿಲ್ಲ. ತಕರಾರು ಮನೆಯವರದೇ. ಐವತ್ತು ವರ್ಷದ ಹಿಂದೆ ಅಪ್ಪ ಮತ್ತು ಅವನ ತಮ್ಮ ಕಾಕಾ ಬೇರೆಯಾದಾಗ ಅಕ್ಕಲಕೋಟ ತಾಲೂಕಿನ ತಮ್ಮ ಹಳ್ಳಿಯ ಪಂಚರು ಹೊಲ, ಬಾವಿ, ಬೇವಿನ ಮರ ಎಲ್ಲವನ್ನೂ ಸಮನಾಗಿ ಹಂಚಿ, ಅದೇ ಉಮೇದಿನಲ್ಲಿ ರೈಫಲ್ಲನ್ನೂ ಹಂಚಿದರು. ಅಣ್ಣನಿಗೆ ನಳಿಗೆ ಮತ್ತು ಅದರ ಕಟ್ಟಿಗೆಯ ಹಿಡಿ. ತಮ್ಮನಿಗೆ ಬೋಲ್ಟು, ಅಂದರೆ ಹಿಂದೆ ಮುಂದೆ ಸರಿಸುವ, ಗುಂಡನೆಯ ಹಿಡಿಕೆಯ ಉಕ್ಕಿನ ತುಂಡು. ಅಂಥ ಬುದ್ಧಿವಂತ ಪಂಚರು ಈಗ ಸಿಗುವುದಿಲ್ಲ. ಅಂದಿನಿಂದ ಎರಡು ಮನೆಗೂ ಮಾತಿಲ್ಲ.

ಹಾಗಾಗಿ ಸಿದ್ಧರಾಮ ಕಾಕಾನ ಹೆಂಡತಿ ಕಾಕುವಿನ ಮನೆಯೊಂದನ್ನು ಬಿಟ್ಟು ಊರೆಲ್ಲ ಬೋಲ್ಟು ಹುಡುಕಿದ. ಸೋಲಾಪುರದ ಗುಜರಿ ಅಂಗಡಿಗಳಲ್ಲಿ ಹಳೇ ಮಗ್ಗದ ಸಾಮಾನುಗಳ ರಾಶಿ ಕೆದರಿದ. ಒಬ್ಬನಂತೂ ಟ್ರ್ಯಾಕ್ಟರಿನ ಪಿನ್ನು ಕೈಗಿಟ್ಟು "ಮಿಲಿಟರಿ ಮಾಲ್" ಎಂದ. ಕೊನೆಗೆ ಹೊಸದನ್ನೇ ಮಾಡಿಸಲು ಹೋದರೆ ಲೇಥ್ ಮಿಸ್ತ್ರಿ ಅವನ ಆಸೆಗೆ ತಣ್ಣೀರು ಎರಚಿದ.

"ನಳಿಗಿ ಮ್ಯಾಲ ನಂಬರ್ ಅದ ನೋಡ್ರಿ, ೧೦೭೪. ಬೋಲ್ಟಿನ ಮ್ಯಾಲೂ ಅದೇ ಇರಬೇಕು. ಬ್ಯಾರೇದು ತುರಕಿದ್ರ ತಿಳದವರು ನಗತಾರ."

ಮಲ್ಲಿನಾಥರು ತಿಳಿದವರು. ಸಿದ್ಧರಾಮ ಮಾನ ಗಂಟುಕಟ್ಟಿಟ್ಟು ಅಕ್ಕಲಕೋಟದ ಎಸ್ಟಿ ಬಸ್ಸು ಹತ್ತಿದ.

ದ್ರೌಪದಿ ಕಾಕುವಿಗೆ ಎಂಬತ್ತು ವರ್ಷ. ಹಲ್ಲು ಹೋಗಿದ್ದವು, ನಾಲಿಗೆ ಹೋಗಿರಲಿಲ್ಲ. ಅಡಿಗೆಮನೆಯಲ್ಲಿ ಕಾಲು ಚಾಚಿ ಕೂತು ಶೇಂಗಾ ಹಿಂಡಿಗೆ, ಅಂದರೆ ಚಟ್ನಿಪುಡಿಗೆ, ಬೆಳ್ಳುಳ್ಳಿ ಕುಟ್ಟುತ್ತಿದ್ದಳು. ಕುಟ್ಟುತ್ತಿದ್ದದ್ದು ಬೋಲ್ಟಿನಿಂದ.

"ಕಾಕು, ಅದು ಅಜ್ಜನ ರೈಫಲ್ಲಿಂದು. ಹನ್ನೊಂದು ಜನರನ್ನ ಹೊಡದ ರೈಫಲ್ರೀ."

"ಯಾರು, ನಮ್ಮ ಮಾವ? ಮನ್ಯಾಗ ಇಲಿ ಹೊಡಿ ಅಂದ್ರ ಹೊರಗ ಹೋಗಿ ನಿಂದರತಿದ್ದ." ಕಾಕು ಕುಟ್ಟುವುದನ್ನು ನಿಲ್ಲಿಸಲಿಲ್ಲ. "ಪಲ್ಟನ್ಯಾಗ ಅಡಗಿ ಮಾಡತಿದ್ದನೋ ಸಿದ್ಧ್ಯಾ. ಅವನ ಕೈಯಾಗಿನ ಹಿಂಡಿ ಸಾಹೇಬಗ ರುಚಿ ಹತ್ತಿತ್ತು. ಬರೋವಾಗ ಒಂದು ಕೆಟ್ಟ ಬಂದೂಕು ಇನಾಮು ಕೊಟ್ಟು ಕಳಿಸ್ಯಾನ. ಇದರಲೆ ಬಳ್ಳೊಳ್ಳಿ ಕುಟ್ಟೂದು ನನಗ ಅವನೇ ಕಲಿಸ್ಯಾನ."

ಬಸ್ರಾದಲ್ಲಿ ಸತ್ತುಬಿದ್ದಿದ್ದ ಹನ್ನೊಂದು ಜನ ಒಮ್ಮೆಲೇ ಎದ್ದು ಮೈ ಕೊಡವಿಕೊಂಡು ಹೋದರು. ಸಿದ್ಧರಾಮನಿಗೆ ನಿಜವಾಗಿಯೂ ಅಳು ಬಂತು. ಕಾಕು ಬೋಲ್ಟು ತೊಳೆದು ಕೈಗಿಟ್ಟಳು. ೧೦೭೪, ಸವೆದಿತ್ತು, ಆದರೂ ಓದಲು ಬರುತ್ತಿತ್ತು.

"ಒಯ್ಯಿ. ಹಬ್ಬಕ್ಕ ನಾನೂ ಬರ್ತೀನಿ, ಮುಗದಮ್ಯಾಲ ನನ್ನ ಕುಟ್ಟೋ ಬತ್ತಾ ನನಗ ಬೇಕು. ನಾ ಬಾಯಿ ಬಿಡಂಗಿಲ್ಲ. ನಿನ್ನ ಸುಳ್ಳು ನೀ ನೋಡ್ಕೋ."

ಸಿದ್ಧರಾಮ ಬೋಲ್ಟನ್ನು ಸೋಡಾದಲ್ಲಿ, ಹುಣಸೆಹಣ್ಣಿನಲ್ಲಿ, ಕೊನೆಗೆ ಪೆಟ್ರೋಲಿನಲ್ಲಿ ತಿಕ್ಕಿದ. ರೈಫಲ್ಲಿಗೆ ಸೇರಿಸಿದಾಗ ಅದು ಕಟಕ್ಕೆಂದು ತನ್ನ ಜಾಗದಲ್ಲಿ ಕೂತಿತು.

ಖಂಡೇಪೂಜೆಯ ದಿನ ಮಲ್ಲಿನಾಥರು ಕನ್ನಡಕ ಏರಿಸಿ ಎರಡೂ ನಂಬರು ಓದಿದರು, ತಲೆದೂಗಿದರು, ಅರಿಷಿಣ ಕುಂಕುಮ ಹಚ್ಚಲು ಬಾಗಿದರು. ಬಾಗಿದವರು ಹಾಗೇ ನಿಂತರು.

"ಬೀಗರ, ಬಳ್ಳೊಳ್ಳಿ ವಾಸನಿ ಬರಾಕತ್ತದಲ್ಲ?"

ಗುಂಡಿನ ಮದ್ದಿನ ವಾಸನೆ ಎಂಬ ಮಾತು ಸಿದ್ಧರಾಮನ ನಾಲಿಗೆಯ ತುದಿಗೇ ಬಂದಿತ್ತು. ಮೂಲೆಯಲ್ಲಿ ಕಾಕು ಮಾತು ಕೊಟ್ಟಂತೆ ಬಾಯಿ ಮುಚ್ಚಿಕೊಂಡು ಫ್ಯಾನು ನೋಡುತ್ತಿದ್ದಳು. ಅವನು ಬೋಲ್ಟಿನ ಹಿಡಿಕೆ ನೋಡಿದ. ಅಜ್ಜನ ಅಂಗೈ, ಕಾಕುವಿನ ಅಂಗೈ ಸೇರಿ ಅದನ್ನು ನುಣ್ಣಗೆ ಮಾಡಿದ್ದವು. ಇಷ್ಟು ದುಡಿದ ಕೈಯನ್ನು ಕೊಲೆಗಾರನದು ಮಾಡಿಟ್ಟಿದ್ದಕ್ಕೆ ಅವನಿಗೆ ನಾಚಿಕೆಯಾಯಿತು.

"ನಮ್ಮಜ್ಜ ಯಾರನ್ನೂ ಕೊಂದಿಲ್ರಿ," ಎಂದ. "ಅಡಗಿಯವ ಇದ್ದ. ಇದರಲೆ ಹಿಂಡಿ ಕುಟ್ಟತಿದ್ದ."

ಮಲ್ಲಿನಾಥರು ಬೋಲ್ಟಿಗೆ ಕುಂಕುಮ ಹಚ್ಚಿದರು. ಊಟಕ್ಕೆ ಕೂತರು. ರೊಟ್ಟಿಯ ಮೇಲೆ ಕಾಕು ತಂದ ಹಿಂಡಿ, ಅದರ ಮೇಲೆ ಎಣ್ಣೆ. ಎರಡನೇ ರೊಟ್ಟಿ ಹೋಯಿತು, ಮೂರನೆಯದೂ ಹೋಯಿತು. ನಾಲ್ಕನೆಯದನ್ನು ಮುರಿಯುತ್ತ ಅವರು ಸಣ್ಣ ದನಿಯಲ್ಲಿ ಕೇಳಿದರು.

"ಕಾಕು, ನಮ್ಮನ್ಯಾಗ ಒಂದು ಖಡ್ಗ ಅದ. ಅದರಲೆ ಉಳ್ಳಾಗಡ್ಡಿ ಹೆಚ್ಚಾಕ ಬರ್ತದೇನ್ರಿ?"

ಕಾಕು ಎದ್ದು ಪೂಜೆಗಿಟ್ಟ ರೈಫಲ್ಲಿನಿಂದ ಬೋಲ್ಟು ಜಗ್ಗಿ, ಕುಂಕುಮ ಒರೆಸಿ, ಸೆರಗಿನಲ್ಲಿ ಕಟ್ಟಿಕೊಂಡಳು.

"ಬರೋ ವರ್ಷ ನಾ ಮತ್ತ ಬರ್ತೀನಲ್ಲ," ಎಂದಳು. "ತೊಗೊಂಡ ಬರ್ರಿ, ನೋಡೂಣು."